ಇಪ್ಪತ್ತೇಳನೆಯ ಕಡಸಿಗೆ ಮೂರು ಅಂಕ

ದ್ರಾಕ್ಷಾಯಿಣಿ ಹಾವೇರಿ ಜಿಲ್ಲೆಯಲ್ಲಿ ಆರು ವರ್ಷ ಸರ್ಕಾರಿ ಪಶುವೈದ್ಯೆಯಾಗಿದ್ದಳು. ಕೆನಡಾಕ್ಕೆ ಬಂದ ಮೇಲೆ ಪಶುವೈದ್ಯರ ಸಹಾಯಕಿಯಾದಳು. ಇಲ್ಲಿನ ನಾಲ್ಕು ಪರೀಕ್ಷೆಗಳು ಮುಗಿಯುವ ತನಕ ದನಕ್ಕೊಂದು ಸೂಜಿ ಚುಚ್ಚಬೇಕಾದರೂ ಇನ್ನೊಬ್ಬರು ಹೇಳಬೇಕಿತ್ತು. ಆದರೆ ದನದ ಮೈ ಮುಟ್ಟಿ ನೋಡಿ ಅಂಕ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಗಾಗಿ ಫೆಬ್ರವರಿಯ ಒಂದು ಮಂಗಳವಾರ ಕ್ಲಿನಿಕ್ಕಿನ ಡಾಕ್ಟರು ಅವಳೊಬ್ಬಳನ್ನೇ ಡೊಮೆನಿಕ್‌ನ ಫಾರ್ಮಿಗೆ ಕಳಿಸಿದರು.

ಫಾರ್ಮು ಕ್ಲೈನ್‌ಬರ್ಗ್‌ನಿಂದ ಹತ್ತು ನಿಮಿಷ ಉತ್ತರಕ್ಕಿತ್ತು. ಬೇಲಿಯ ಆಚೆಯವರೆಗೂ ಮೂರು ಗ್ಯಾರೇಜಿನ ಹೊಸ ಮನೆಗಳು ಬಂದು ನಿಂತಿದ್ದವು. ಬೇಲಿಯ ಈಚೆ ಹತ್ತೊಂಬತ್ತು ಗಬ್ಬದ ಕಡಸುಗಳು ಹಿಮದಲ್ಲಿ ನಿಂತು ಆ ಮನೆಗಳನ್ನು ನೋಡುತ್ತಿದ್ದವು. ಎಲ್ಲವೂ ಮಾಂಸದ ತಳಿಯವು, ಎಲ್ಲಕ್ಕೂ ಇದೇ ಮೊದಲ ಬಸಿರು, ಏಪ್ರಿಲ್‌ನಲ್ಲಿ ಈಯಬೇಕು. ದ್ರಾಕ್ಷಾಯಿಣಿ ಕೆಲಸ ಮಾಡುವುದು ಹಾಲಿನ ಡೈರಿಯಲ್ಲಿ ಎಂದು ರಾಣೆಬೆನ್ನೂರಿನಲ್ಲಿರುವ ಅವಳ ಅತ್ತೆ ತಿಳಿದಿದ್ದರು. ಯಾರೂ ತಿದ್ದಿರಲಿಲ್ಲ.

ಡೊಮೆನಿಕ್‌ಗೆ ಎಪ್ಪತ್ತನಾಲ್ಕು. ಇಟಲಿಯಿಂದ ಹುಡುಗನಾಗಿ ಬಂದವನು, ನಲವತ್ತು ವರ್ಷದಿಂದ ದನ ಸಾಕುತ್ತಿದ್ದವನು.

"ಎಲ್ಲ ಚೆನ್ನಾಗಿವೆ. ನಾನು ದಿನಾ ನೋಡ್ತೀನಿ," ಎಂದ.

"ಎಲ್ಲಿಂದ ನೋಡ್ತೀರಿ?"

"ಅಡುಗೆಮನೆ ಕಿಟಕಿಯಿಂದ."

ಚಳಿಗಾಲದಲ್ಲಿ ಕಡಸಿನ ಮೈಮೇಲೆ ಬೆರಳುದ್ದ ಕೂದಲು ಬೆಳೆದಿರುತ್ತದೆ. ಕೂದಲು ಬಡಕಲನ್ನೂ ದಪ್ಪವಾಗಿ ತೋರಿಸುತ್ತದೆ. ದ್ರಾಕ್ಷಾಯಿಣಿ ಒಂದೊಂದನ್ನೇ ಕಬ್ಬಿಣದ ಇಕ್ಕಟ್ಟಿನ ಓಣಿಗೆ ಬಿಡಿಸಿಕೊಂಡು, ಕೈಗವಸು ತೆಗೆದು, ಕೂದಲೊಳಗೆ ಬೆರಳಿಟ್ಟು ಪಕ್ಕೆಲುಬು ಹುಡುಕಿದಳು. ಸೊಂಟದ ಮೂಳೆ ಒತ್ತಿದಳು, ಬಾಲದ ಬುಡ ಹಿಂಡಿದಳು, ಹಿಂದೆ ನಿಂತು ಹಿಂಗಾಲುಗಳ ನಡುವಿನ ಅಗಲ ನೋಡಿದಳು. ಒಂದು ಅಂದರೆ ಎಲುಬಿನ ಗೂಡು, ಐದು ಅಂದರೆ ಕೊಬ್ಬಿನ ಮುದ್ದೆ. ಮೂರು ಸಿಕ್ಕರೆ ಒಳ್ಳೆಯದು.

ಹನ್ನೊಂದು ಕಡಸುಗಳಿಗೆ ಮೂರು ಸಿಕ್ಕಿತು. ಆರಕ್ಕೆ ಎರಡು. ಒಂದಕ್ಕೆ ಎರಡೂವರೆ. ಉಳಿದ ಒಂದು, ಕಿವಿಯ ಓಲೆಯಲ್ಲಿ ನಲವತ್ತೊಂದು ಎಂದಿದ್ದ ಕೆಂಪು ಕಡಸು, ಡೊಮೆನಿಕ್‌ನ ಕಣ್ಮಣಿ. ಅದರ ಬೆನ್ನು ಮೇಜಿನ ಹಾಗಿತ್ತು.

"ನಾಲ್ಕೂವರೆ," ಎಂದಳು ದ್ರಾಕ್ಷಾಯಿಣಿ.

"ಐದಕ್ಕೆ ನಾಲ್ಕೂವರೆ. ಒಳ್ಳೇ ಮಾರ್ಕು," ಎಂದ ಡೊಮೆನಿಕ್.

"ಇದು ಆ ಥರದ ಮಾರ್ಕಲ್ಲ. ಕೊಬ್ಬು ಜಾಸ್ತಿ, ಸೊಂಟ ಕಿರಿದು. ಕರು ಬರೋ ದಾರಿ ಇಕ್ಕಟ್ಟು. ಇದು ಈಯುವಾಗ ಕಷ್ಟಪಡತ್ತೆ."

ಡೊಮೆನಿಕ್ ಕಡಸನ್ನು ನೋಡಿದ. ಆಮೇಲೆ ದ್ರಾಕ್ಷಾಯಿಣಿಯನ್ನು ನೋಡಿದ. ತನ್ನ ಮಗಳ ಬಗ್ಗೆ ಯಾರೋ ಮಾತಾಡಿದ ಹಾಗಿತ್ತು ಅವನ ಮುಖ.

"ಮತ್ತೆ ಯಾವುದು ಚೆನ್ನಾಗಿದೆ ನಿನ್ನ ಪ್ರಕಾರ?"

ಅವಳು ಓಲೆಯಲ್ಲಿ ಇಪ್ಪತ್ತೇಳು ಎಂದಿದ್ದುದನ್ನು ತೋರಿಸಿದಳು. ಕಪ್ಪು ಕಡಸು, ನೋಡಲು ಸಾಧಾರಣ. ಆದರೆ ಸೊಂಟ ಅಗಲ, ಕಾಲು ನೇರ, ಮೈಮೇಲೆ ಬೇಕಾದಷ್ಟೇ ಮಾಂಸ. ಹಾಳೆಯಲ್ಲಿ ಮೂರು ಎಂದು ಬರೆದು, ಪಕ್ಕದಲ್ಲಿ 'ಇದರ ಚಿಂತೆ ಬೇಡ' ಎಂದೂ ಸೇರಿಸಿದಳು. ಸೇರಿಸಬೇಕೆಂದು ಯಾರೂ ಹೇಳಿರಲಿಲ್ಲ. ಆರು ವರ್ಷ ಡಾಕ್ಟರಾಗಿದ್ದ ಕೈ ತಾನಾಗಿ ಬರೆಯಿತು.

ಬಡಕಲು ಆರನ್ನೂ ಬೇರೆ ದೊಡ್ಡಿಗೆ ಹಾಕಿ ಒಳ್ಳೆಯ ಹುಲ್ಲು, ಬಾರ್ಲಿ ಕೊಡಬೇಕೆಂದು ಹೇಳಿದಳು. ಎರಡು ತಿಂಗಳಲ್ಲಿ ಅರ್ಧ ಅಂಕವಾದರೂ ಏರುತ್ತದೆ, ಇಲ್ಲದಿದ್ದರೆ ಈದ ಮೇಲೆ ಹಾಲೂ ಇರುವುದಿಲ್ಲ, ಮತ್ತೆ ಬೆದೆಗೂ ಬರುವುದಿಲ್ಲ ಎಂದಳು. ಡೊಮೆನಿಕ್ ಒಪ್ಪಲಿಲ್ಲ. ಅವಳು ಅವನ ಕೈ ಹಿಡಿದು ಒಂದರ ಪಕ್ಕೆಯ ಮೇಲೆ ಇಟ್ಟಳು. ಕೂದಲಿನ ಕೆಳಗೆ ಅವನ ಬೆರಳಿಗೆ ಪಕ್ಕೆಲುಬು ಒಂದೊಂದಾಗಿ ಸಿಕ್ಕಿದವು.

"ಬೇರೆ ದೊಡ್ಡಿ ಕಟ್ಟೋಕೆ ನಾಲ್ಕು ಗೇಟು ಬೇಕು," ಎಂದ ಕೊನೆಗೆ. ಅದೇ ಒಪ್ಪಿಗೆ.

ಏಪ್ರಿಲ್ ಮೊದಲ ವಾರ ದ್ರಾಕ್ಷಾಯಿಣಿಯ ಫೋನಿಗೆ ಡೊಮೆನಿಕ್‌ನಿಂದ ಒಂದು ಫೋಟೋ ಬಂತು. ನಲವತ್ತೊಂದನೆಯ ಕಡಸು, ಅದರ ಹೊಟ್ಟೆಯಡಿಯಲ್ಲಿ ಮೊಲೆ ಚೀಪುತ್ತಿರುವ ಕೆಂಪು ಕರು. ಜೊತೆಗೆ ಒಂದೇ ಸಾಲು: 'ಇಪ್ಪತ್ತು ನಿಮಿಷ. ಯಾರೂ ಮುಟ್ಟಿಲ್ಲ.'

ಅವಳು ಅದನ್ನು ಗಂಡ ಪ್ರವೀಣಕುಮಾರನಿಗೆ ತೋರಿಸಿದಳು.

"ಚಂದ ಐತಲ್ಲ ಕರ," ಎಂದ ಅವನು.

"ಚಂದ ಐತ್ರಿ. ನಾ ಹೇಳಿದ್ದು ತಪ್ಪಾತು."

"ತಪ್ಪಾಗಿದ್ದು ಛಲೋ ಆತಲ್ಲ?"

ಛಲೋ ಆಗಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೂ ಆ ರಾತ್ರಿ ಮೂರನೆಯ ಪರೀಕ್ಷೆಯ ಪುಸ್ತಕ ತೆರೆದು ಒಂದೇ ಪುಟವನ್ನು ಬಹಳ ಹೊತ್ತು ಓದಿದಳು.

ಮುಂದಿನ ಭಾನುವಾರ ಕ್ಲೈನ್‌ಬರ್ಗ್‌ನಲ್ಲಿ ಪ್ರವೀಣಕುಮಾರನ ಆಫೀಸಿನ ಭಾಸ್ಕರನ ಗೃಹಪ್ರವೇಶ. ಗಂಡ ಹೆಂಡತಿ ರಿಚ್ಮಂಡ್ ಹಿಲ್‌ನಿಂದ ಹೊರಟು ಅರ್ಧ ದಾರಿ ಬಂದಾಗ ಡಾಕ್ಟರ ಫೋನು ಬಂತು. ಡೊಮೆನಿಕ್‌ನ ಇಪ್ಪತ್ತೇಳನೆಯ ಕಡಸಿಗೆ ನೋವು ಶುರುವಾಗಿ ಎರಡು ಗಂಟೆಯಾಗಿದೆ, ಎರಡು ಪಾದ ಕಾಣುತ್ತಿವೆ, ಮುಂದಕ್ಕೆ ಬರುತ್ತಿಲ್ಲ. ಡಾಕ್ಟರು ಇನ್ನೊಂದು ಕಡೆ ಆಪರೇಷನ್‌ನಲ್ಲಿದ್ದಾರೆ, ಬರಲು ಒಂದೂವರೆ ಗಂಟೆ ಬೇಕು.

"ಪಾದದ ಅಡಿ ಮೇಲಕ್ಕಿದೆಯಾ ಕೆಳಕ್ಕಿದೆಯಾ?" ಎಂದು ದ್ರಾಕ್ಷಾಯಿಣಿ ಕೇಳಿದಳು.

"ಮೇಲಕ್ಕಂತೆ."

ಅಂದರೆ ಕರು ಹಿಂದುಮುಂದಾಗಿದೆ, ಹಿಂಗಾಲು ಮೊದಲು ಬರುತ್ತಿದೆ. ಕಾದರೆ ಸಾಯುತ್ತದೆ.

ಡಾಕ್ಟರು ಹೇಳಿದರು: "ಕ್ಲಿನಿಕ್ಕಿನ ಕಡೆಯಿಂದ ನೀನು ಕೈ ಹಾಕೋ ಹಾಗಿಲ್ಲ. ಆದ್ರೆ ತುರ್ತಲ್ಲಿ ಪಕ್ಕದ ಮನೆಯವರು ಬಂದು ಪುಕ್ಕಟೆ ಸಹಾಯ ಮಾಡಿದ್ರೆ ನಾನು ಬೇಡ ಅನ್ನಲ್ಲ. ಫೋನಲ್ಲೇ ಇರ್ತೀನಿ."

ಪ್ರವೀಣಕುಮಾರ ಕಾರನ್ನು ಫಾರ್ಮಿನ ಕಡೆ ತಿರುಗಿಸಿದ.

ಡೊಮೆನಿಕ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಇಳಕಲ್ ಸೀರೆಯ ಮೇಲೆ ಚಳಿಯ ಕೋಟು ತೊಟ್ಟು ಇಳಿದವಳನ್ನು ಮೇಲಿಂದ ಕೆಳಗೆ ನೋಡಿದ.

"ನಾನಿವತ್ತು ಪಕ್ಕದ ಮನೆಯವಳು," ಎಂದಳು ದ್ರಾಕ್ಷಾಯಿಣಿ.

"ಎಲ್ಲಿ ಮನೆ?"

"ರಿಚ್ಮಂಡ್ ಹಿಲ್."

"ಸರಿ," ಎಂದು ತನ್ನ ಬೂಟು ತಂದುಕೊಟ್ಟ.

ಅವಳು ಕೋಟು ಬಿಚ್ಚಿ, ಸೆರಗು ಸೊಂಟಕ್ಕೆ ಬಿಗಿದು, ಬಳೆ ತೆಗೆದು ಗಂಡನ ಜೇಬಿಗೆ ಹಾಕಿದಳು. ಭುಜದವರೆಗೆ ಸಾಬೂನು ಹಚ್ಚಿ ಕೈ ಒಳಗಿಟ್ಟಳು. ಕರುವಿನ ಹಿಂಗಾಲ ಕೀಲು, ಬಾಲ. ಬೆರಳಿನಿಂದ ಬಾಲ ಹಿಂಡಿದಳು. ಬಾಲ ಅಲುಗಿತು.

"ಜೀವ ಐತ್ರಿ," ಎಂದಳು ಕನ್ನಡದಲ್ಲೇ. ಡೊಮೆನಿಕ್‌ಗೂ ಅರ್ಥವಾಯಿತು.

"ನಾ ಏನ್ ಮಾಡ್ಲಿ?" ಎಂದ ಪ್ರವೀಣಕುಮಾರ. ಅವನು ರೇಷ್ಮೆ ಜುಬ್ಬಾದಲ್ಲಿದ್ದ.

"ಕಡಸಿನ ಬಾಲಾ ಹಿಡೀರಿ. ಮ್ಯಾಲ ಎತ್ತಿ ಹಿಡೀರಿ. ಬಿಡಬ್ಯಾಡ್ರಿ."

"ಸಗಣಿ ಹಾಕಿದ್ರ?"

"ಹಾಕ್ತದ್ರಿ. ಬಿಡಬ್ಯಾಡ್ರಿ."

ಅದು ಹಾಕಿತು. ಅವನು ಬಿಡಲಿಲ್ಲ.

ಡೊಮೆನಿಕ್ ಕರು ಎಳೆಯುವ ಜಾಕು ತರಲು ಹೊರಟ. ಬೇಡವೆಂದು ಅವಳು ತಡೆದಳು. ಕರುವಿನ ಎರಡು ಕಾಲಿಗೂ ಸರಪಳಿ ಸುತ್ತಿ, ಒಂದನ್ನು ಅವನಿಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. ಕಡಸು ತಿಣುಕಿದಾಗ ಒಮ್ಮೆ ಅವನು, ಒಮ್ಮೆ ಇವಳು, ನಡೆಸಿಕೊಂಡು ಬಂದ ಹಾಗೆ ಎಳೆದರು. ಕರುವಿನ ಸೊಂಟ ಹೊರಬಂದ ಕೂಡಲೆ "ಈಗ ನಿಲ್ಲಿಸಬೇಡಿ!" ಎಂದು ಕೂಗಿದಳು. ಹೊಕ್ಕುಳಬಳ್ಳಿ ಅಲ್ಲಿ ಒತ್ತಿಹೋಗುತ್ತದೆ, ತಲೆ ಇನ್ನೂ ಒಳಗೇ ಇರುತ್ತದೆ. ಇಬ್ಬರೂ ಒಟ್ಟಿಗೆ ಹಿಂದಕ್ಕೆ ವಾಲಿದರು. ಕರು ಒಮ್ಮೆಗೇ ಜಾರಿ ಬಂದು ಅವರಿಬ್ಬರನ್ನೂ ಹುಲ್ಲಿನ ಮೇಲೆ ಬೀಳಿಸಿತು.

ಕರು ಉಸಿರಾಡಲಿಲ್ಲ. ದ್ರಾಕ್ಷಾಯಿಣಿ ಅದನ್ನು ಎದೆ ನೆಲಕ್ಕೆ ತಾಗುವಂತೆ ಕೂರಿಸಿ, ಮೂಗಿನ ಲೋಳೆ ಬಳಿದು, ಹೊಳ್ಳೆಯೊಳಗೆ ಹುಲ್ಲುಕಡ್ಡಿ ತಿರುವಿದಳು. ಪಕ್ಕೆ ತಿಕ್ಕಿದಳು. ಕಿವಿಗೆ ತಣ್ಣೀರು ಸುರಿದಳು. ಫೋನಿನಲ್ಲಿ ಡಾಕ್ಟರು ಏನಾಯಿತು ಏನಾಯಿತು ಎನ್ನುತ್ತಿದ್ದರು. ಪ್ರವೀಣಕುಮಾರ ಇನ್ನೂ ಬಾಲ ಹಿಡಿದೇ ನಿಂತಿದ್ದ.

ಕರು ಸೀನಿತು. ತಲೆ ಕೊಡವಿತು. ಆಮೇಲೆ ಉಸಿರು ಎಳೆದು ಬಿಟ್ಟು, ಎಳೆದು ಬಿಟ್ಟು, ಅದನ್ನೇ ಕೆಲಸ ಮಾಡಿಕೊಂಡಿತು.

"ಇನ್ನು ಬಿಡ್ಲಿ?" ಎಂದ ಪ್ರವೀಣಕುಮಾರ.

"ಬಿಡ್ರಿ," ಎಂದಳು. ಹುಲ್ಲಿನ ಮೇಲೆ ಹಾಗೇ ಕುಳಿತಳು.

ಕಡಸು ಕರುವನ್ನು ನೆಕ್ಕತೊಡಗಿತು. ಡೊಮೆನಿಕ್ ಬಕೆಟ್ ಬೋರಲು ಹಾಕಿ ಅವಳ ಪಕ್ಕದಲ್ಲಿ ಕೂತ.

"ಇದಕ್ಕೆ ಚಿಂತೆ ಬೇಡ ಅಂತ ಬರೆದಿದ್ದೆ ನೀನು."

"ಬರೆದಿದ್ದೆ. ಕರು ಯಾವ ಕಡೆ ಮುಖ ಮಾಡಿದೆ ಅಂತ ಮೈ ಮುಟ್ಟಿದ್ರೆ ಗೊತ್ತಾಗಲ್ಲ. ಅದನ್ನ ಬರೀಬಾರದಾಗಿತ್ತು."

"ಬರೆದಿರಲಿ ಬಿಡು. ನಾನು ಚಿಂತೆ ಮಾಡದೆ ಚರ್ಚಿಗೆ ಹೋಗಿ ಬಂದೆ," ಎಂದ ಡೊಮೆನಿಕ್. ಆಮೇಲೆ, "ಆ ಬಡಕಲು ಆರರಲ್ಲಿ ನಾಲ್ಕು ಈದವು. ಹಾಲು ಚೆನ್ನಾಗಿದೆ," ಎಂದ. ಅದನ್ನು ಅವನು ಫೋಟೋ ತೆಗೆದು ಕಳಿಸಿರಲಿಲ್ಲ.

ಗೃಹಪ್ರವೇಶದ ಊಟ ತಪ್ಪಿತು. ಭಾಸ್ಕರನ ಹೊಸ ನೆಲದ ಮೇಲೆ ಆ ಬಟ್ಟೆಯಲ್ಲಿ ಕಾಲಿಡುವುದು ಸಾಧ್ಯವಿರಲಿಲ್ಲ. ಡೊಮೆನಿಕ್‌ನ ಅಡುಗೆಮನೆಯಲ್ಲಿ ಬ್ರೆಡ್ಡು, ಟೊಮೇಟೊ, ಎಣ್ಣೆಯಲ್ಲಿ ನೆನೆಸಿದ ಬದನೆಕಾಯಿ ತಿಂದರು. ಪ್ರವೀಣಕುಮಾರ ಬದನೆಕಾಯಿಯನ್ನು ಎರಡು ಸಲ ಹಾಕಿಸಿಕೊಂಡ.

ಮೇ ಮುಗಿಯುವಷ್ಟರಲ್ಲಿ ಹತ್ತೊಂಬತ್ತರಲ್ಲಿ ಹದಿನೆಂಟು ಕರು ಉಳಿದವು. ಸತ್ತದ್ದು ಮೂರು ಅಂಕದ ಇನ್ನೊಂದು ಕಡಸಿನದು, ಎರಡು ದಿನದ ಭೇದಿಗೆ. ದ್ರಾಕ್ಷಾಯಿಣಿ ಅದನ್ನೂ ಹಾಳೆಯಲ್ಲಿ ತುಂಬಿದಳು. ಜುಲೈನಲ್ಲಿ ಮೂರನೆಯ ಪರೀಕ್ಷೆ ಬರೆದಳು. ಪ್ರಶ್ನೆಗಳು ಹೆಚ್ಚಾಗಿ ಬೆಕ್ಕಿನ ಮೇಲಿದ್ದವು, ಆದರೂ ಪಾಸಾದಳು.