ಮೇಲಿನ ಹತ್ತು ಪದರ

ಬೆಳಗಿನ ಎಂಟರಿಂದ ಸಂಜೆ ಆರರವರೆಗೆ ಕಟಿಂಗ್ ಅಕ್ಕನ ಗಂಟಲಿಗೆ ಒಂದು ತೊಟ್ಟು ನೀರು ಇಳಿಯುತ್ತಿರಲಿಲ್ಲ. ಪಥ್ಯವೂ ಅಲ್ಲ, ಹಟವೂ ಅಲ್ಲ, ಬರೀ ಲೆಕ್ಕಾಚಾರ. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿದು ಕೊಡುವ ಆ ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯ ಎರಡು ಮಹಡಿ ಕೆಳಗಿತ್ತು. ಅವಳ ಎಡಗಾಲು ಮೆಟ್ಟಿಲನ್ನು ಕಂಡರೆ ಸಾಲ ಕೊಟ್ಟವನನ್ನು ಕಂಡಂತೆ ಹಿಂದೇಟು ಹಾಕುತ್ತಿತ್ತು.

ಆರು ವರ್ಷದ ಹಿಂದೆ ಡಾಕ್ಟರು ಅವಳ ಕಾಯಿಲೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರಿಟ್ಟಿದ್ದರು. ನರಗಳ ಮೇಲಿನ ಹೊದಿಕೆ ಹಾಳಾಗಿ, ಮಿದುಳು ಕೊಟ್ಟ ಅಪ್ಪಣೆ ಅರ್ಧ ದಾರಿಯಲ್ಲೇ ಕಳೆದುಹೋಗುವ ಕಾಯಿಲೆ. ಕಾಲೆಳೆದರೆ ಜನ ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಮೂತ್ರಕೋಶದ ಪಾಡನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅವಸರವಾದರೆ ಒಂದು ನಿಮಿಷ ತಡೆಯದು, ಹೋಗಿ ಕೂತರೆ ಪೂರ್ತಿ ಖಾಲಿಯಾಗದು. ಉಳಿದದ್ದನ್ನು ತೆಗೆಯಲು ನರ್ಸಮ್ಮ ಒಂದು ಸಣ್ಣ ನಳಿಕೆ ಕೊಟ್ಟು, ಹಾಕಿಕೊಳ್ಳುವುದನ್ನು ಕಲಿಸಿ, ದಿನಕ್ಕೆ ನಾಲ್ಕು ಸಲ ಎಂದು ಬೆರಳು ಮಡಚಿ ಹೇಳಿದ್ದಳು. ಅಕ್ಕ ಮಧ್ಯಾಹ್ನದ ಸರದಿಯನ್ನು ಹಾರಿಸಿಬಿಟ್ಟಳು. ಕುಡಿಯದೇ ಇದ್ದರೆ ತೆಗೆಯುವುದಕ್ಕೆ ಏನಿರುತ್ತದೆ ಎಂಬುದು ಅವಳ ವಾದ. ವಾದವೇನೋ ಸೊಗಸಾಗಿತ್ತು, ಮೂತ್ರಕೋಶ ಒಪ್ಪಲಿಲ್ಲ.

ಅವಳ ಕೆಲಸದಲ್ಲಿ ಸಣ್ಣ ತಪ್ಪು ಎಂಬುದೇ ಇಲ್ಲ. ಉದ್ದನೆಯ ಮೇಜಿನ ಮೇಲೆ ಪದರಣ್ಣ ಬಟ್ಟೆಯನ್ನು ಒಂದರ ಮೇಲೊಂದರಂತೆ ಅರವತ್ತು ಪದರ ಹಾಸುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ ಮಾಡಿ ಆ ಹೆಸರು ಪಡೆದ ಹಿರಿಯರು ಅವರು. ಮೇಲೆ ಗೆರೆ ಎಳೆದು, ಗೆರೆಯ ಮೇಲೆ ಅಕ್ಕ ಕತ್ತರಿಸುವ ಮಷೀನು ನಡೆಸುತ್ತಾಳೆ. ಕೈ ಒಂದು ಬೆರಳಷ್ಟು ಜಾರಿದರೆ ಅರವತ್ತು ಕೋಟು ಹಾಳು.

ಆ ಸೋಮವಾರ ಜಾರಿತು. ತೋಳು ಕೂಡಿಸುವ ಜಾಗದ ಬಾಗುಗೆರೆಯಲ್ಲಿ ಅವಳ ಬಲಗೈ ಸಣ್ಣಗೆ ನಡುಗಿ, ಮಷೀನು ಗೆರೆ ಬಿಟ್ಟು ಒಳಗೆ ನುಗ್ಗಿತು. ಇಲ್ಲಿಯವರೆಗೆ ಕಾಲು ಮಾತ್ರ ಹೋಗಿತ್ತು, ಈಗ ಕೈಯೂ ಹೋಯಿತಲ್ಲ!

ಆಮೇಲೆ ಮಾಡಿದ್ದನ್ನು ನೆನೆದರೆ ಅವಳಿಗೇ ಅಸಹ್ಯವಾಗುತ್ತದೆ. ಪದರ ಸಡಿಲವಾಗಿ ಹಾಸಿದ್ದರೆ ಕೆಳಗಿನ ತುಂಡುಗಳು ಮಾತ್ರ ಕೆಡುತ್ತವೆ, ಮೇಲಿನವು ಸರಿಯಾಗಿರುತ್ತವೆ. ಕೈ ತಪ್ಪಿದ್ದರೆ ಮೇಲಿಂದ ಕೆಳಗಿನವರೆಗೆ ಎಲ್ಲವೂ ಒಂದೇ ತರಹ ಕೆಡುತ್ತವೆ. ಅಲ್ಲಿ ಎಲ್ಲವೂ ಕೆಟ್ಟಿದ್ದವು. ಮೇಲಿನವು ಸರಿಯಾಗಿದ್ದು ಹೊಲಿಗೆಗೆ ಹೋಗಿವೆ ಎಂದು ನೋಡಿದವರು ತಿಳಿಯಲಿ ಎಂದು, ಯಾರೂ ಬರುವ ಮೊದಲೇ ಅವಳು ಮೇಲಿನ ಹತ್ತು ತುಂಡುಗಳನ್ನು ಎತ್ತಿ ಚಿಂದಿಯ ಚೀಲದಲ್ಲಿ ತುರುಕಿದಳು. ಕಾರ್ಖಾನೆಯ ಯಜಮಾನರು ಬಂದು ಹುಬ್ಬು ಗಂಟಿಕ್ಕಿದರು.

"ಪದರ ಸ್ವಲ್ಪ ಸಡಿಲ ಆಗಿತ್ತೇನೋ," ಎಂದಳು. ಆ 'ಏನೋ'ದ ಮರೆಯಲ್ಲಿ ಅಡಗಿಕೊಂಡಳು.

ಪದರಣ್ಣ ಕನ್ನಡಕ ಸರಿಮಾಡಿಕೊಂಡು ತುಂಡುಗಳನ್ನು ತಿರುಗಿಸಿ ನೋಡಿದರು. "ಇರಬಹುದು," ಎಂದರು. ಮರುದಿನದಿಂದ ಯಜಮಾನರು ಅವರನ್ನು ಮೂಲೆಯಲ್ಲಿ ಹೊಲಿದ ಕೋಟುಗಳ ದಾರ ಕತ್ತರಿಸಲು ಕೂರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಅಕ್ಕ ಮನೆಯಲ್ಲಿ ಹಾಸಿಗೆ ಹಿಡಿದಳು. ಕಾಲು ಮರದ ಕೊರಡಾಗಿತ್ತು, ಮೈ ಬೆಚ್ಚಗಿತ್ತು. ಕೆಲಸ ಬಿಡುತ್ತೇನೆ, ಕಾಯಿಲೆ ಕೈಗೂ ಏರಿತು ಎಂದು ಅತ್ತೆಯ ಮುಂದೆ ಅತ್ತಳು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಸೊಸೆಯ ಕಣ್ಣೀರಿಗಿಂತ ಬಚ್ಚಲಿನ ವಾಸನೆಯ ಮೇಲೆ ಅವರಿಗೆ ಹೆಚ್ಚು ನಂಬಿಕೆ.

"ಉಚ್ಚೆ ಕಲಗಚ್ಚಿನ ಹಾಗಿದೆ. ಉರಿಯಲ್ವಾ?"

"ಇಲ್ಲ."

"ನಿನಗೆ ಅಲ್ಲಿ ಉರಿ ಗೊತ್ತಾಗಲ್ಲ, ಅದೇ ತಾನೇ ನಿನ್ನ ಕಾಯಿಲೆ? ದಿನಕ್ಕೆ ಎಷ್ಟು ನೀರು ಕುಡೀತೀಯ, ನಿಜ ಹೇಳು."

ಹೇಳಿದಳು. ಅತ್ತೆ ಹಣೆ ಚಚ್ಚಿಕೊಂಡರು. "ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗಾಯ್ತಲ್ಲೇ! ನಡಿ, ಆಟೋ ತರಿಸ್ತೀನಿ."

ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಇದು ಕಾಯಿಲೆಯ ಹೊಸ ಏಟಲ್ಲ ಎಂದರು ಡಾಕ್ಟರು. ಮೂತ್ರದ ಸೋಂಕು ಬಂದು ಮೈ ಕಾದರೆ, ಮೊದಲೇ ಏಟು ತಿಂದ ನರಗಳು ಕೈಕಾಲನ್ನು ಇನ್ನಷ್ಟು ಸೋಲಿಸುತ್ತವಂತೆ. ಸೋಂಕು ಇಳಿದರೆ ಕೈ ಮೊದಲಿನಂತಾಗಬಹುದು, ಆದರೆ ನೀರು ಬಿಡಬಾರದು, ನಳಿಕೆಯನ್ನು ಒಂದು ಸಲವೂ ತಪ್ಪಿಸಬಾರದು. ಮಾತ್ರೆ ಮುಗಿಯುವ ಹೊತ್ತಿಗೆ ಅವಳ ಕೈ ಸೂಜಿಗೆ ದಾರ ಪೋಣಿಸಿತು. ಅಕ್ಕ ಸಂತೋಷಪಡಬೇಕಿತ್ತು. ಆದರೆ ಕೈ ಸರಿಹೋದ ಮೇಲೆ, ಅದು ಮಾಡಿದ್ದನ್ನು ಮರೆಯಲು ನೆಪವೇ ಉಳಿಯಲಿಲ್ಲ.

ಮೂರು ವಾರದ ನಂತರ ಕೆಲಸಕ್ಕೆ ಬಂದಳು. ಪದರಣ್ಣ ಮೂಲೆಯಲ್ಲಿ ತಲೆ ತಗ್ಗಿಸಿ ದಾರ ಕತ್ತರಿಸುತ್ತಿದ್ದರು. ಸುಮ್ಮನಿದ್ದರೆ ಅವರು ಅಲ್ಲೇ ಮುದುಕರಾಗುತ್ತಾರೆ. ನಿಜ ಹೇಳಿದರೆ ಅವಳ ಮಷೀನು ಹೋಗಬಹುದು, ಆರು ವರ್ಷ ಮುಚ್ಚಿಟ್ಟ ಮಾನವಂತೂ ಹೋಗೇ ಹೋಗುತ್ತದೆ. ಮಧ್ಯಾಹ್ನದವರೆಗೆ ಅವಳು ಮೂಲೆಯ ಕಡೆ ತಿರುಗಲಿಲ್ಲ. ಆಮೇಲೆ ಮಷೀನು ನಿಲ್ಲಿಸಿದಳು.

"ಯಜಮಾನ್ರೇ, ಆ ಅರವತ್ತು ಕೋಟು ಕೆಡಿಸಿದ್ದು ನಾನು."

"ಮಷೀನು ಜಾರಿತಾ?" ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ತೋರಿಸಿದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ, ಕೈ ನಡುಗ್ತು. ಮೂತ್ರದ ಸೋಂಕಾಗಿತ್ತು. ನನಗೆ ಮೂತ್ರ ತಾನಾಗೇ ಪೂರ್ತಿ ಹೋಗಲ್ಲ, ನಳಿಕೆ ಹಾಕ್ಕೋಬೇಕು. ಕೆಳಗೆ ಇಳಿಯೋಕೆ ಆಗಲ್ಲ ಅಂತ ನೀರು ಬಿಟ್ಟಿದ್ದೆ. ದಿನಾ ಮಧ್ಯಾಹ್ನ ಕಾಲು ಗಂಟೆ ಬೇಕು ನಂಗೆ, ನಿಮ್ಮ ಆಫೀಸಿನ ಬಾತ್‌ರೂಮ್ ಬೇಕು."

ಹೊಲಿಗೆ ಮಷೀನುಗಳು ಒಂದೊಂದಾಗಿ ನಿಂತವು. ಯಜಮಾನರು ಕಿವಿ ಕೆಂಪು ಮಾಡಿಕೊಂಡು ಫ್ಯಾನನ್ನು ನೋಡಿದರು. "ತಗೋಮ್ಮ, ಬೀಗದ ಕೈ ಮೇಜಿನ ಮೇಲೇ ಇರುತ್ತೆ. ಮೊದಲೇ ಹೇಳೋದಲ್ವಾ?" ಎಂದರು. ಆರು ವರ್ಷ ಹೆದರಿದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು.

ಪದರಣ್ಣ ಎದ್ದು ಬಂದರು. "ಮೇಲಿನ ತುಂಡುಗಳೂ ಕೆಟ್ಟಿದ್ವಾ?"

"ಹೂಂ ಅಣ್ಣ. ಹತ್ತು ತುಂಡು ನಾನೇ ಬಚ್ಚಿಟ್ಟೆ."

ಅವರು ಬಯ್ಯಲಿ ಎಂದು ಅಕ್ಕ ಕಾದಳು. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಗೋಡೆಗೆ ಕೈ ಕೊಟ್ಟು ನಿಂತರು.

"ಪದರ ಸಡಿಲ ಆಗಿದ್ದು ಕಾಣ್ಲಿಲ್ಲ ಅಂದ್ರೆ ನನ್ನ ಕಣ್ಣು ಹೋಯ್ತು ಅಂದ್ಕೊಂಡಿದ್ದೆ ಕಣಮ್ಮ. ಶಾಲೆ ಬಿಟ್ಟ ಮೇಲೆ ಮೊಮ್ಮಗಳನ್ನ ರಸ್ತೆ ದಾಟಿಸಿ ಕರ್ಕೊಂಡು ಬರೋದು ನಾನೇ. ಮೂರು ವಾರದಿಂದ ಹೋಗಿಲ್ಲ. ಬರೋ ಬಸ್ಸು ಕಾಣದೇ ಹೋದ್ರೆ? ಮಗು ದಿನಾ ಬಂದು ಯಾಕೆ ತಾತ ಬರ್ಲಿಲ್ಲ ಅಂತ ಕೇಳುತ್ತೆ. ಮೊಣಕಾಲು ನೋವು ಅಂತ ಸುಳ್ಳು ಹೇಳ್ತೀನಿ."

ಪದರಣ್ಣ ಅವಳ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರವನ್ನು ದೂರದಿಂದಲೇ ಓದಿದರು, ಯಜಮಾನರಿಗೆ "ಅರ್ಧ ಗಂಟೇಲಿ ಬರ್ತೀನಿ" ಎಂದು ಹೇಳಿ, ಮೆಟ್ಟಿಲು ಇಳಿದು ಶಾಲೆಯ ಕಡೆ ಹೊರಟರು.