ಫ್ರಿಜ್ಜಿನ ಮೇಲಿನ ಚೀಟಿ

ಒಂಬತ್ತೂವರೆಗೆ ಸರಿಯಾಗಿ ಸ್ಟೂರೆ ಕಚೇರಿಯ ಅಡುಗೆಕೋಣೆಯಲ್ಲಿ ಏಲಕ್ಕಿ ಬನ್ನಿನ ತಟ್ಟೆ ಇಟ್ಟು, ಕಾಫಿ ಬಗ್ಗಿಸಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತ. ಎಂಟು ಬನ್ನು ತಂದಿದ್ದ. ಬಂದವಳು ಲೆಕ್ಕಪತ್ರದ ಗುನ್ವೊರ್ ಒಬ್ಬಳೇ. ಅವಳೂ ಅರ್ಧ ಬನ್ನು ತಿಂದು, ಕೆಲಸವಿದೆ ಎಂದು ಎದ್ದು ಹೋದಳು.

ಯೆವ್ಲೆ ಎಂಬ ಊರಿನ ಆ ನೀರಿನ ಪಂಪು ಮಾರುವ ಕಂಪನಿಯಲ್ಲಿ ಬೆಳಗಿನ ಫೀಕಾಗೆ, ಅಂದರೆ ಕಾಫಿ ಬಿಡುವಿಗೆ, ಎಲ್ಲರೂ ಕೆಲಸ ಬಿಟ್ಟು ಒಂದೇ ಮೇಜಿಗೆ ಬರಬೇಕು. ಶುಕ್ರವಾರ ಸರದಿಯ ಮೇಲೆ ಒಬ್ಬೊಬ್ಬರು ತಿಂಡಿ ತರಬೇಕು. ಇಪ್ಪತ್ತೆರಡು ವರ್ಷ ಆ ಮೇಜಿನ ತುದಿಯಲ್ಲಿ ಕೂತು ನಗಿಸಿದವನು ಸ್ಟೂರೆ. ಹೆಂಡತಿ ತೀರಿಕೊಂಡ ಮೇಲಂತೂ ದಿನದಲ್ಲಿ ಅವನ ಜೊತೆ ನಾಲ್ಕು ಜನ ಕೂತು ಮಾತಾಡುವುದು ಆ ಅರ್ಧ ಗಂಟೆ ಮಾತ್ರ. ಈಗ ಅದಕ್ಕೂ ಕಲ್ಲು ಬಿದ್ದಿತ್ತು. ಕಲ್ಲು ಹಾಕಿದ್ದು ಹೆಡ್‌ಫೋನು ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಮೊದಲು ಹಾಕಿಕೊಂಡು ಬಂದವಳು ತೂವಾ. ಒಂದೂವರೆ ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ, ಕೂರುವುದು ಸ್ಟೂರೆಯ ಎದುರಿಗೆ. ವೈರಿಲ್ಲದ, ಹೊರಗಿನ ಸದ್ದನ್ನೇ ಅಳಿಸಿಬಿಡುತ್ತದೆ ಎಂದು ಹೊಗಳಿಸಿಕೊಂಡ ಮಾಲು. ಬೆಲೆ ನಾಲ್ಕು ಸಾವಿರದ ನಾನೂರ ತೊಂಬತ್ತು ಕ್ರೋನ. ಇಂಟರ್‌ನೆಟ್ಟಿನಲ್ಲಿ ಸ್ಟೂರೆ ತಾನೇ ಹುಡುಕಿ ನೋಡಿದ್ದ. ಆಮೇಲೆ ಒಬ್ಬೊಬ್ಬರಾಗಿ ಇನ್ನೂ ನಾಲ್ಕು ಜನ ಅದನ್ನೇ ಕೊಂಡರು, ಕಾಫಿಯನ್ನೂ ತಮ್ಮ ತಮ್ಮ ಕುರ್ಚಿಗೇ ಒಯ್ದುಕೊಂಡರು. ಸ್ಟೂರೆಗೆ ಮೈಯೆಲ್ಲ ಉರಿಯುತ್ತಿತ್ತು. ಆ ದುಡ್ಡಿಗೆ ಕಾರಿಗೆ ನಾಲ್ಕು ಚಳಿಗಾಲದ ಟೈರು ಬರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿದ. ತೂವಾ ಬಂದ ಕೂಡಲೇ, ಇವತ್ತೂ ಕಿವಿಗೆ ಬೂಟು ಹಾಕ್ಕೊಂಡು ಬಂದೆಯಾ ಎಂದು ಚುಚ್ಚುವುದಂತೂ ನಿತ್ಯದ ಪೂಜೆಯಾಯಿತು. ಅವಳು ತುಟಿ ಬಿಗಿದು ನಕ್ಕು, ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು.

ಎದುರು ಮಾತು ಮಾತ್ರ ಯಾರೂ ಆಡುತ್ತಿರಲಿಲ್ಲ. ಆ ಕಚೇರಿಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟುತ್ತಿತ್ತು. ಕೆಳಗೆ ಹೆಸರಿಲ್ಲ, ಒಂದು ನಗುವ ಮುಖ ಅಷ್ಟೆ. ಹೋದ ವಸಂತದಲ್ಲಿ ಅಂಥದ್ದೊಂದು ಬಂದಿತ್ತು: ‘ಫೋನಿನಲ್ಲಿ ಮಾತಾಡುವಾಗ ಪಕ್ಕದವರ ನೆನಪಿರಲಿ.’ ಇದು ಮ್ಯಾನೇಜರ್ ಪಾಂಟುಸನಿಗೆ ಬಿದ್ದ ಏಟು ಎಂದು ಸ್ಟೂರೆ ಒಳಗೊಳಗೇ ಖುಷಿಪಟ್ಟಿದ್ದ. ಪೆನ್ನು ತೆಗೆದು ಅದರಡಿ, ‘ಸರಿಯಾಗಿ ಹೇಳಿದಿರಿ’ ಎಂದೂ ಬರೆದಿದ್ದ.

ಆ ಶುಕ್ರವಾರ ಉಳಿದ ಏಳೂವರೆ ಬನ್ನು ನೋಡಿ ಅವನ ತಾಳ್ಮೆ ಕಿತ್ತುಹೋಯಿತು. ಹತ್ತು ಗಂಟೆಯ ವಾರದ ಸಭೆಯಲ್ಲಿ ಎದ್ದು ನಿಂತು, ಕಚೇರಿಯೊಳಗೆ ಹೆಡ್‌ಫೋನು ನಿಷೇಧಿಸಬೇಕು, ಇವತ್ತೇ ತೀರ್ಮಾನವಾಗಬೇಕು ಎಂದ.

ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತನಾಗುವ ಹಂಬಲದ ಪಾಂಟುಸ್, ಕೆಲವರಿಗೆ ಗಮನ ಇಟ್ಟು ಕೆಲಸ ಮಾಡಲು ಅದು ಬೇಕಾಗುತ್ತದಂತೆ ಎಂದು ಗೊಣಗಿದ. ದುಡ್ಡು ತನ್ನದು, ಕಿವಿಯೂ ತನ್ನದು ಎಂದು ತೂವಾ ಜೋರಾಗಿಯೇ ಹೇಳಿದಳು.

“ಕಚೇರಿ ನಿನ್ನದಲ್ವಲ್ಲ,” ಎಂದ ಸ್ಟೂರೆ. “ನಾಲ್ಕೂವರೆ ಸಾವಿರ ಕೊಟ್ಟು ಕಿವುಡಿ ಆಗ್ತೀಯ. ಏನಿದೆ ಇದರಲ್ಲಿ, ಕೊಡು ನೋಡಣ.”

ಅವಳು ಕೊಡುವ ಮೊದಲೇ ಮೇಜಿನ ಮೇಲಿದ್ದದ್ದನ್ನು ಎತ್ತಿ ತಲೆಗೆ ಸಿಕ್ಕಿಸಿಕೊಂಡ. ಹಾಡು ಹಾಕು ಎಂದ. ತೂವಾ ತಾನು ದಿನವೂ ಕೇಳುವಷ್ಟೇ ದನಿಯಲ್ಲಿ ಹಾಕಿದಳು. ಸ್ಟೂರೆ ಕಾದ. ಒಂದು ಕಿವಿಯ ಮೇಲಿನ ಬಟ್ಟಲನ್ನು ಒತ್ತಿ ನೋಡಿದ, ಇನ್ನೊಂದು ಕಡೆಯದನ್ನೂ ಒತ್ತಿದ. ಆಮೇಲೆ ಅವನ ಮುಖ ಅರಳಿತು. ಇಷ್ಟು ದುಡ್ಡು ಸುರಿದು ತಂದ ಮಾಲು ಸತ್ತು ಕೂತಿದೆ, ಕಿವಿಗಿಟ್ಟು ನೋಡು ಎಂದು ಗೆದ್ದವನ ಹಾಗೆ ಗುನ್ವೊರ್ ಕೈಗೆ ತುರುಕಿದ.

ಗುನ್ವೊರ್ ಹಾಕಿಕೊಂಡಳು. ಅವಳ ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕತೊಡಗಿತು. ತಟ್ಟನೆ ನಿಲ್ಲಿಸಿದಳು.

“ಹಾಡ್ತಾ ಇದೆ, ಸ್ಟೂರೆ. ಯಾರೋ ಹೆಂಗಸು. ಪಿಯಾನೋನೂ ಇದೆ.”

ಕಸಿದುಕೊಂಡು ಮತ್ತೆ ಹಾಕಿಕೊಂಡ. ಏನೂ ಇಲ್ಲ. ಪಾಂಟುಸನಿಗೆ ಕೊಟ್ಟ. ಅವನು ಕೇಳಿ, ತಲೆ ತಗ್ಗಿಸಿ, ಹೌದು ಎಂದ. ಉಳಿದವರೆಲ್ಲ ತಮ್ಮ ತಮ್ಮ ಕಾಫಿ ಲೋಟದೊಳಗೆ ಇಣುಕಿದರು. ಸ್ಟೂರೆಯ ಕತ್ತಿನವರೆಗೂ ಕೆಂಪೇರಿತು. ಎಲ್ಲ ಸೇರಿ ನಾಟಕ ಕಟ್ಟಿದ್ದೀರಾ, ನನ್ನನ್ನು ಕೋಡಂಗಿ ಮಾಡುತ್ತೀರಾ ಎಂದು ಗುಡುಗಿದ. ಕಿಟಕಿಯ ಬಳಿ ಕೂತಿದ್ದವನೊಬ್ಬ ತನಗೇ ಗೊತ್ತಿಲ್ಲದಂತೆ ಕಿವಿ ಮುಚ್ಚಿಕೊಂಡ.

ಅದನ್ನು ಕಂಡು ತೂವಾಳ ಕಟ್ಟೆ ಒಡೆಯಿತು.

“ದಿನಾ ಕೇಳ್ತೀಯಲ್ಲ, ಇದು ಆ ಬೆಲೆಗೆ ತಕ್ಕದ್ದಾ ಅಂತ. ಕೇಳ್ಕೋ. ಅಲ್ಲ. ಫ್ಯಾನಿನ ಸದ್ದು ಹೋಗತ್ತೆ, ಲಾರಿಯ ಗುಂಯ್ ಅನ್ನೋದು ಹೋಗತ್ತೆ. ನೀನು ಹೋಗಲ್ಲ. ನಿನ್ನ ಗಂಟಲು ಎಲ್ಲಾನೂ ಸೀಳ್ಕೊಂಡು ಬರತ್ತೆ. ಐದು ಜನ ಇದನ್ನ ತಗೊಂಡಿದ್ದು ಹಾಡು ಕೇಳಕ್ಕಲ್ಲ, ನಿನ್ನಿಂದ ತಪ್ಪಿಸ್ಕೊಳ್ಳಕ್ಕೆ.”

ಸ್ಟೂರೆ ಕುರ್ಚಿ ಎಳೆದುಕೊಂಡು ಕೂತ. ಯಾಕೆ ಯಾರೂ ಹೇಳಲಿಲ್ಲ ಎಂದು ಗುನ್ವೊರ್‌ಳನ್ನು ಕೇಳಿದ.

“ಫ್ರಿಜ್ ಮೇಲೆ ಚೀಟಿ ಅಂಟಿಸಿದ್ವಲ್ಲ,” ಎಂದಳು ಗುನ್ವೊರ್, ಅವನ ಮುಖ ನೋಡದೆ.

“ಐದು ಜನ ಸೇರಿ ಇಪ್ಪತ್ತೆರಡು ಸಾವಿರ ಸುರಿದಿರಿ,” ಎಂದ ಸ್ಟೂರೆ. “ಕಿವಿ ಕೇಳಲ್ಲ ಕಣೋ ನಿನಗೆ, ಹೋಗಿ ತೋರಿಸ್ಕೋ ಅನ್ನಕ್ಕೆ ಒಬ್ಬರಿಗೂ ಬಾಯಿ ಬರಲಿಲ್ಲ. ಆ ಮಾತು ಪುಕ್ಕಟೆ ಬರ್ತಿತ್ತು.”

ತೂವಾ ಕಣ್ಣು ಕೆಳಗಿಳಿಸಿದಳು. ಸ್ಟೂರೆ ಕೋಟು ಹಾಕಿಕೊಂಡು ಹೊರಟುಹೋದ. ನಿಷೇಧದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸೋಮವಾರ ಅವನು ರಜೆ ಹಾಕಿ ಕಿವಿ ಪರೀಕ್ಷೆ ಮಾಡುವಲ್ಲಿಗೆ ಹೋದ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಅವನು ಒತ್ತಿದ್ದು ತೀರಾ ಕಡಿಮೆ. ಇದು ಎಷ್ಟು ವರ್ಷದಿಂದ ಎಂದು ಕೇಳಿದರು. ಹೇಳುವವರು ಮನೆಯಲ್ಲಿ ಯಾರೂ ಇಲ್ಲ ಎಂದ. ಕಿವಿ ಕೇಳಿಸುವ ಯಂತ್ರ ಬೇಕು ಎಂದರು; ಅದು ಸಿಗಲು ಏಳು ವಾರ ಹಿಡಿಯಿತು. ಆ ಏಳು ವಾರವೂ ಅವನು ಕಚೇರಿಗೆ ಬಂದ, ಗ್ರಾಹಕರ ಫೋನು ಬಂದರೆ ಎದ್ದು ಉಗ್ರಾಣಕ್ಕೆ ಹೋಗಿ ಮಾತಾಡಿದ, ಯಾರಿಗೂ ಗುಡ್ ಮಾರ್ನಿಂಗ್ ಹೇಳಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮತ್ತೆ ಅವನ ಸರದಿಯ ಶುಕ್ರವಾರ ಬಂತು. ಎರಡೂ ಕಿವಿಯ ಹಿಂದೆ ಸಣ್ಣ ಬೂದು ಯಂತ್ರ. ಮುಚ್ಚಲೆಂದು ಕನ್ನಡಿಯ ಮುಂದೆ ಕೂದಲು ಎಳೆದುಕೊಂಡು, ಥತ್ ಎಂದು ಮತ್ತೆ ಹಿಂದಕ್ಕೆ ಬಾಚಿ ಬಂದಿದ್ದ. ಕಾಫಿ ಯಂತ್ರ ಬುಸುಗುಡುವುದು ಕೇಳಿತು. ತನ್ನ ಬೂಟು ಕಿರುಗುಟ್ಟುವುದು ಕೇಳಿತು. ಬೆಳಿಗ್ಗೆ ಉಗ್ರಾಣದಲ್ಲಿ ಫೋನೆತ್ತಿ ಹಲೋ ಎಂದವನು ತನ್ನ ದನಿಗೆ ತಾನೇ ಬೆಚ್ಚಿ ಅರ್ಧಕ್ಕೇ ನಿಲ್ಲಿಸಿದ್ದ. ಪಾಪ, ಆ ಹುಡುಗಿ ಒಂದೂವರೆ ವರ್ಷ ಇದರೆದುರು ಕೂತಿದ್ದಳು.

ಒಂಬತ್ತೂವರೆಗೆ ಬನ್ನಿನ ತಟ್ಟೆ ಇಟ್ಟು ಕೂತ. ತೂವಾ ಲೋಟ ಹಿಡಿದು ಬಂದಳು, ಹೆಡ್‌ಫೋನು ಕತ್ತಿನಲ್ಲಿ ನೇತಾಡುತ್ತಿತ್ತು. ಅವನ ಕಿವಿ ನೋಡಿ ಬಾಗಿಲಲ್ಲೇ ನಿಂತಳು.

ಸ್ಟೂರೆ ತಟ್ಟೆಯನ್ನು ಅವಳ ಕಡೆ ತಳ್ಳಿ, ಜೋರಾಯ್ತು ಅನ್ನಿಸಿದರೆ ಇನ್ನು ಮುಂದೆ ಮುಖಕ್ಕೇ ಹೇಳಬೇಕು, ಚೀಟಿಗೀಟಿ ಬೇಡ ಎಂದು ಪಿಸುದನಿಯಲ್ಲಿ ಹೇಳಿದ.

“ಏನಂದೆ?” ಎಂದಳು ತೂವಾ. “ಕೇಳಿಸಲಿಲ್ಲ.”

ಅವನು ದನಿ ಏರಿಸಲಿಲ್ಲ. ತೂವಾ ಕತ್ತಿನಿಂದ ಹೆಡ್‌ಫೋನು ತೆಗೆದು ಫ್ರಿಜ್ಜಿನ ಮೇಲಿಟ್ಟು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಳು.