ಅಣ್ಣನ ಮುಖದ ಸೀಟುಗಳು

ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ರುಜು ಹಾಕುತ್ತಾರೆ. ಕಾನೂನು ಹಾಗೇನೂ ಹೇಳುವುದಿಲ್ಲ, ಅಮ್ಮಂದಿರು ಹೇಳುತ್ತಾರೆ. ಪಕ್ಕದ ಮನೆಯ ಸ್ತಮೇನಾಳ ಕೈಗೂ ಅವಳ ಅಮ್ಮನೇ ಪೆನ್ನು ಕೊಟ್ಟಿದ್ದು. ಪ್ಲಮ್ ತೋಟ, ಸಾರಾಯಿ ಕಾಯಿಸುವ ತಾಮ್ರದ ಹಂಡೆ, ಎಲ್ಲದರಲ್ಲೂ ಅವಳಿಗಿದ್ದ ಪಾಲು ಅಣ್ಣ ದ್ರಾಗೊಮಿರನಿಗೆ ಹೋಯಿತು. ಇವಳಿಗೆ ಸಿಕ್ಕಿದ್ದು ಅಪ್ಪನ ಹಳೇ ಫಿಚಾ ಕಾರು. ಅದರ ಸೀಟುಗಳಲ್ಲಿ ದ್ರಾಗೊಮಿರನ ಕೋಳಿಗಳು ಕಾವಿಗೆ ಕೂತಿದ್ದವು.

"ಮೊಟ್ಟೆ ಸಿಕ್ರೆ ನೀನೇ ಇಟ್ಕೋ ತಂಗಿ," ಎಂದು ಕೀಲಿ ಕೊಡುತ್ತಾ ನಕ್ಕನಂತೆ.

ಆ ನಗುವನ್ನು ಮರೆಯುವ ಹೆಂಗಸಲ್ಲ ಸ್ತಮೇನಾ. ನನ್ನ ಗಂಡ ಇದ್ದಾಗ ಬೂಟು ಹೊಲಿಯುತ್ತಿದ್ದ ಮಿಷನ್ನು ನನ್ನಲ್ಲೇ ಇತ್ತಲ್ಲ, ಸೀಟುಗಳನ್ನು ಬಿಚ್ಚಿ ನನ್ನ ಅಂಗಳಕ್ಕೇ ಎಳೆದು ತಂದಳು. ತುಕ್ಕು ಹಿಡಿದ ಸ್ಪ್ರಿಂಗುಗಳನ್ನು ತಂತಿಯಿಂದ ಬಿಗಿದೆವು. ಇಲಿ ತಿಂದ ನಾರಿನ ಬದಲು ಅವಳಜ್ಜಿಯ ಹಾಸಿಗೆಯ ಉಣ್ಣೆಯನ್ನು ಒಗೆದು, ಒಣಗಿಸಿ, ಹಿಂಜಿ ತುಂಬಿದೆವು. ಹಳೇ ಹೊದಿಕೆಯ ಹೊಲಿಗೆ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡೆವು. ಹೊಸ ಬಟ್ಟೆಗೆ ಮಾತ್ರ ಕಾಸಿರಲಿಲ್ಲ.

ಆ ವಸಂತದಲ್ಲೇ ದ್ರಾಗೊಮಿರ ಚುನಾವಣೆಗೆ ನಿಂತು ಗೆದ್ದಿದ್ದ. ಅವನ ಮುಖದ ಬ್ಯಾನರುಗಳು ಆಗಲೇ ಊರಿನ ಕಟ್ಟಿಗೆ ರಾಶಿಗಳ ಮೇಲೆ ಮಳೆಗೆ ಅಡ್ಡವಾಗಿ ಮಲಗಿದ್ದವು. ಸ್ತಮೇನಾ ಅವನ್ನೇ ಕೇಳಿ ತಂದಳು. ಗಟ್ಟಿ ಸರಕು. ಬಿಸಿಲಿಗೆ ಹಾಕಿದರೆ ಮೆತ್ತಗಾಗಿ, ಎಳೆದ ಹಾಗೆ ಬರುತ್ತದೆ.

"ಹಿಂದೆ ಬಿಳೀದಿದೆ ಕಣೆ, ಅದನ್ನ ಮೇಲೆ ಮಾಡು," ಎಂದೆ.

"ಬಿಳೀದನ್ನ ನೋಡಿ ಯಾರಕ್ಕ ನಗ್ತಾರೆ?"

ಹೀಗೆ ಪ್ರತಿ ಸೀಟಿನ ಮೇಲೂ ದ್ರಾಗೊಮಿರ ಹಲ್ಲು ಕಿರಿದ. ಸಂತೆಯ ದಿನ ಸ್ತಮೇನಾ ಕಂಡಕಂಡವರನ್ನೆಲ್ಲ ಪುಕ್ಕಟೆ ಹತ್ತಿಸಿಕೊಂಡಳು. "ಇವತ್ತು ಮೂಗಿನ ಮೇಲೆ ಕೂತೆ, ನಾಳೆ ಮೀಸೆ ಮೇಲೆ," ಎಂದು ಮುದುಕರು ಹೋಟೆಲಿನಲ್ಲಿ ಹೇಳಿಕೊಂಡು ನಕ್ಕರು. ಡ್ರೈವರ್ ಪಕ್ಕದ ಸೀಟಿನಲ್ಲಿ ಮಾತ್ರ ಯಾರನ್ನೂ ಕೂರಿಸಲಿಲ್ಲ. ಎಲ್ಲಕ್ಕಿಂತ ದೊಡ್ಡ ಮುಖ ಅಲ್ಲಿತ್ತು.

"ಅದು ಅಮ್ಮಂದು," ಎಂದಳು. "ಪೆನ್ನು ಕೊಟ್ಟೋಳು ಅವಳು. ಮುದ್ದಿನ ಮಗನ ಮೇಲೆ ಅವಳನ್ನ ಒಂದು ಸಲ ಕೂರಿಸಬೇಕು ನಾನು."

ದ್ರಾಗೊಮಿರ ಬಂದು ಗೇಟಿನಲ್ಲಿ ನಿಂತ. "ಕಿತ್ತು ಹಾಕೇ. ಊರು ನಗ್ತಿದೆ."

"ಅರ್ಧ ತೋಟ ನನ್ನ ಹೆಸರಿಗೆ ಮಾಡು, ಕಿತ್ತು ಹಾಕ್ತೀನಿ."

"ರುಜು ಹಾಕಿದ್ದು ನೀನೇ ಅಲ್ವಾ?"

"ಬ್ಯಾನರ್ ಹಾಕಿಸಿದ್ದು ನೀನೇ ಅಲ್ವಾ ಅಣ್ಣ?"

ಅವರಪ್ಪ ತೀರಿಕೊಂಡು ವರ್ಷ ತುಂಬಿದ ಶನಿವಾರ ಸ್ಮಶಾನದಲ್ಲಿ ಮೇಣದಬತ್ತಿ ಹಚ್ಚಿ, ಬೇಯಿಸಿದ ಗೋಧಿ ಹಂಚಿದ್ದಾಯಿತು. ಹೊರಗೆ ದ್ರಾಗೊಮಿರ ತನ್ನ ಹೊಸ ಕಾರಿನ ಬಾಗಿಲು ತೆರೆದು ನಿಂತ. ಸ್ತಮೇನಾ ಫಿಚಾದ ಬಾಗಿಲು ತೆರೆದಳು. ಊರೆಲ್ಲ ನೋಡುತ್ತಿತ್ತು.

ಅವರಮ್ಮ ಫಿಚಾದ ಹತ್ತಿರ ಬಂದು ಒಳಗೆ ಇಣುಕಿದಳು. ತಲೆವಸ್ತ್ರದ ತುದಿಯಿಂದ ಮಗನ ಬಾಯಿಗೆ ಅಂಟಿದ್ದ ಧೂಳನ್ನು, ಮಗುವಿನ ಬಾಯಿ ಒರೆಸುವ ಹಾಗೆ, ಮೆಲ್ಲಗೆ ಒರೆಸಿದಳು. ಆಮೇಲೆ ಹಾಯಾಗಿ ಅದರ ಮೇಲೆ ಕೂತಳು.

"ಅಮ್ಮಾ, ಅಲ್ಲಿ ಯಾಕೆ ಕೂತೆ," ಎಂದ ದ್ರಾಗೊಮಿರ.

"ನಿಮ್ಮಪ್ಪನ ಕಾರಲ್ಲಿ ನಾನು ಕೂರೋ ಜಾಗ ಇದೇ," ಎಂದಳು ಮುದುಕಿ. ಮಗಳ ಕಡೆ ತಿರುಗಿದಳು. "ತೋಟದಲ್ಲಿ ನನ್ನ ಪಾಲು ಇನ್ನೂ ನನ್ನ ಹೆಸರಲ್ಲೇ ಇದೆ. ನೋಟರಿ ಮಧ್ಯಾಹ್ನಕ್ಕೆ ಬಾಗಿಲು ಹಾಕ್ತಾನೆ, ಹೊರಡು."

ಸ್ತಮೇನಾ ಸ್ಟೀರಿಂಗ್ ಹಿಂದೆ ಕೂತು, ಕೀಲಿ ಹಾಕಿ, ಅಮ್ಮನ ಕಡೆ ತಿರುಗಿದಳು.

"ಹೊರಡೇ. ಮೂಗಿನ ಹತ್ರ ಒಂದು ಸ್ಪ್ರಿಂಗ್ ಚುಚ್ತಿದೆ."